ಗೈಡ್ ಮೇಷ್ಟ್ರ ಕೆಂಪು ಪೆನ್ನು

ಪೋಸ್ಟ್ ಉದ್ದ ಇದೆ, ಗೊತ್ತು. ಬಿ.ಎಡ್. ಓದ್ತಿರೋ ತಮ್ಮ ತಂಗಿಯರು, ಬಿ.ಎಡ್. ಕಾಲೇಜುಗಳಲ್ಲಿ ಪಾಠ ಮಾಡ್ತಿರೋ ನಮ್ಮ ಗೆಳೆಯರು ದಯವಿಟ್ಟು ಪೂರ್ತಿ ಓದಿ.

ವಿಶ್ವವಿದ್ಯಾಲಯದಲ್ಲಿ ಜಾತಿ ತಾರತಮ್ಯ ಅಂದ ತಕ್ಷಣ ನಾವು ಪಿಎಚ್.ಡಿ. ಬಗ್ಗೆ ಮಾತಾಡ್ತೀವಿ. ಗೈಡ್ ಸಿಗಲಿಲ್ಲ, ಫೆಲೋಶಿಪ್ ತಡೆದ್ರು, ಬರೆದು ಕೊಟ್ಟ ಅಧ್ಯಾಯ ಆರು ತಿಂಗಳು ಮೇಜಿನ ಮೇಲೇ ಬಿದ್ದಿತ್ತು. 2016ರ ಜನವರಿ 17ರಂದು ರೋಹಿತ್ ವೇಮುಲನನ್ನು ಕಳೆದುಕೊಂಡ ಮೇಲೆ ಆ ಮಾತು ಜೋರಾಯಿತು, ಆಗಲೇಬೇಕಿತ್ತು. ಆದ್ರೆ ಅದೇ ಕ್ಯಾಂಪಸ್ಸಿನ ಇನ್ನೊಂದು ಮೂಲೇಲಿ ಶಿಕ್ಷಣ ವಿಭಾಗ ಅಂತ ಒಂದು ಕಟ್ಟಡ ಇರುತ್ತೆ. ಅಲ್ಲೂ ಗೈಡ್‌ಗಳಿದ್ದಾರೆ. ಮೇಷ್ಟ್ರಾಗೋಕೆ ಬಂದ ಮಕ್ಕಳಿಗೆ ದಾರಿ ತೋರಿಸಬೇಕಾದವರು. ಅವರ ಬಗ್ಗೆ ನಮ್ಮ ವಲಯದಲ್ಲೂ ಯಾರೂ ಬರೆಯೋದಿಲ್ಲ. ಬಿ.ಎಡ್. ಅಂದ್ರೆ ಚಾರ್ಟು, ಥರ್ಮಾಕೋಲು, ಬಣ್ಣದ ಕಾಗದ ಅಂತ ನಮಗೂ ಒಂಥರಾ ತಮಾಷೆ. ಆ ತಮಾಷೆ ಬಿಡಬೇಕಾಗಿದೆ. ಕೇರಿಯಿಂದ ಬಂದ ಹುಡುಗಿ ಮೇಷ್ಟ್ರಾಗ್ತಾಳಾ, ಆದ್ರೆ ಎದೆ ಸೆಟೆಸಿ ನಿಲ್ಲೋ ಮೇಷ್ಟ್ರಾಗ್ತಾಳಾ ಇಲ್ಲ ತಲೆ ತಗ್ಗಿಸಿಕೊಂಡು ಇರೋಳಾಗ್ತಾಳಾ ಅನ್ನೋದು ಬಹಳ ಮಟ್ಟಿಗೆ ಆ ಗೈಡ್ ಕೈಯಲ್ಲಿದೆ. ಆ ಅಧಿಕಾರಕ್ಕೆ ಲೆಕ್ಕ ಕೇಳೋರು ಯಾರೂ ಇಲ್ಲ. ನನ್ನ ತಕರಾರು ಇದೇ.

ಬಿ.ಎಡ್. ಮಾಡದವರಿಗೆ ಸ್ವಲ್ಪ ಹಿನ್ನೆಲೆ. ನಾವೆಲ್ಲ ಮಾಡೋ ಕಾಲಕ್ಕೆ ಇದು ಒಂದು ವರ್ಷದ ಕೋರ್ಸು. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಆಮೇಲೆ ಎನ್‌ಸಿಟಿಇ 2014ರಲ್ಲಿ ಹೊಸ ನಿಯಮಾವಳಿ ತಂದು ಎರಡು ವರ್ಷ ಮಾಡಿತು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ, ಒಟ್ಟು 20 ವಾರ ಪ್ರಶಿಕ್ಷಣಾರ್ಥಿ ಶಾಲೆಯಲ್ಲೇ ಇರಬೇಕು. 200 ಜನ ವಿದ್ಯಾರ್ಥಿಗಳಿಗೆ 16 ಜನ ಪೂರ್ಣಾವಧಿ ಅಧ್ಯಾಪಕರು ಇರಬೇಕು, ಅಂದ್ರೆ ಲೆಕ್ಕಕ್ಕೆ ಒಬ್ಬ ಗೈಡ್‌ಗೆ ಹನ್ನೆರಡೋ ಹದಿಮೂರೋ ಮಕ್ಕಳು. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿರೋದು ಏನು ಬೇಕು? ಹನ್ನೆರಡು ಜನರ ಹೆಸರು, ಊರು, ಮನೆ ಕಷ್ಟ, ಬಸ್ಸಿನ ಟೈಮು ಎಲ್ಲಾ ಗೊತ್ತಿಟ್ಟುಕೊಳ್ಳಬಹುದು. (ಈಗ ಮತ್ತೆ ಒಂದು ವರ್ಷದ ಬಿ.ಎಡ್. ತರೋ ಕರಡು 2025ರಲ್ಲಿ ಬಂದಿದೆ. ವರ್ಷ ಎಷ್ಟಾದ್ರೂ ಆಗಲಿ, ಗೈಡ್ ಅಂತೂ ಇದ್ದೇ ಇರ್ತಾರೆ.)

ಆ ಗೈಡ್ ಕೈಯಲ್ಲಿ ಏನೇನಿದೆ ನೋಡಿ. ನಿನ್ನ ಪಾಠ ಯೋಜನೆಗೆ ಸಹಿ ಹಾಕಬೇಕಾದವರು ಅವರು. ಸಹಿ ಇಲ್ಲದಿದ್ರೆ ಪಾಠ ಇಲ್ಲ. ಯಾವ ಶಾಲೆಗೆ ನಿನ್ನ ಕಳಿಸಬೇಕು ಅನ್ನೋದ್ರಲ್ಲಿ ಅವರ ಮಾತು ನಡೆಯುತ್ತೆ. ಹಿಂದಿನ ಬೆಂಚಲ್ಲಿ ಕೂತು ವೀಕ್ಷಣಾ ಹಾಳೆ ತುಂಬೋದು ಅವರು. ಆ ಹಾಳೆಯಲ್ಲಿ ಪೀಠಿಕೆ, ವಿಷಯ ನಿರೂಪಣೆ, ಪ್ರಶ್ನೆ ಕೇಳೋ ಕೌಶಲ, ಕಪ್ಪುಹಲಗೆ ಬಳಕೆ ಅಂತೆಲ್ಲ ಕಲಂಗಳು ಇರ್ತವೆ. ಕೊನೆಗೆ ಬರೋದು ಭಾಷೆ, ಧ್ವನಿ, ವ್ಯಕ್ತಿತ್ವ. ಇದೆಲ್ಲ ಕೂಡಿ ಆಂತರಿಕ ಅಂಕ. ಮುಂದೆ ನೇಮಕಾತಿಯ ಮೆರಿಟ್ ಲೆಕ್ಕದಲ್ಲಿ ಬಿ.ಎಡ್. ಅಂಕಾನೂ ಸೇರಿಸ್ತಾರೆ. ಒಂದು ಅಂಕಕ್ಕೆ ಕೆಲಸ ತಪ್ಪಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ಈ ಪೋಸ್ಟ್ ಓದ್ತಿರೋ ನಿಮಗೇ ಗೊತ್ತು.

ಥಿಯರಿ ಪೇಪರ್ ಆದ್ರೆ ನಂಬರ್ ಹಾಕಿ ಹೋಗುತ್ತೆ, ಹೆಸರು ಕಾಣಲ್ಲ. ವೀಕ್ಷಣಾ ಹಾಳೆಯಲ್ಲಿ ಮುಖ ಕಾಣುತ್ತೆ, ಊರು ಕಾಣುತ್ತೆ, ಮಾತು ಕೇಳುತ್ತೆ. ಜಾತಿ ಎಲ್ಲಿ ಒಳಗೆ ಬರುತ್ತೆ ಅಂದ್ರೆ ಇಲ್ಲೇ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಆಗ್ತಿದ್ದ ತಾರತಮ್ಯದ ಬಗ್ಗೆ ಪ್ರೊ. ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಾಗಲೂ ಇದೇ ಮಾತು ಬಂದಿತ್ತು. ಮುಖ ನೋಡಿ ಅಂಕ ಹಾಕೋ ವೈವಾ, ಪ್ರಾಯೋಗಿಕ ಪರೀಕ್ಷೆಯಲ್ಲಿ ತಮ್ಮ ಜಾತಿ ಅಡ್ಡ ಬರುತ್ತೆ ಅಂತ ಅಲ್ಲಿನ ಮಕ್ಕಳು ಹೇಳಿದ್ರು. ಡಾಕ್ಟರ್ ಆಗೋ ಮಕ್ಕಳ ಕಥೆ ದೇಶಕ್ಕೆ ಸುದ್ದಿ ಆಯ್ತು. ಮೇಷ್ಟ್ರಾಗೋ ಮಕ್ಕಳ ವೀಕ್ಷಣಾ ಹಾಳೆಯನ್ನ ತೆರೆದು ನೋಡಿದವರು ಯಾರು?

ನಾನು ನೋಡಿದ್ದೀನಿ. ಸುಮಾರು ಐದಾರು ವರ್ಷದಿಂದ, ಇಂಟರ್ನ್‌ಶಿಪ್ ಶುರುವಾದ ಕಾಲಕ್ಕೆ ನನ್ನ ಫೋನು ಸುಮ್ನಿರಲ್ಲ. "ಅಕ್ಕ, ಹಾಳೆ ಫೋಟೋ ಕಳಿಸ್ತೀನಿ, ನೋಡಿ" ಅಂತಾರೆ. ಹೆಚ್ಚಿನವು ಚಾಮರಾಜನಗರ, ನಂಜನಗೂಡು, ಕೊಳ್ಳೇಗಾಲ ಕಡೆಯ ಮಕ್ಕಳವು. ಕೆಂಪು ಶಾಯಿಯಲ್ಲಿ ಮತ್ತೆ ಮತ್ತೆ ಬರೋ ಒಂದು ಸಾಲಿದೆ: "ಉಚ್ಚಾರಣೆ ಸುಧಾರಿಸಿಕೊಳ್ಳಬೇಕು." ಅಕಾರ ಹಕಾರ ದೋಷ ಅಂತಾರೆ ಅದಕ್ಕೆ. ಹಾಲು ಅನ್ನೋದನ್ನ ಆಲು ಅಂದ್ಲು, ಹೊಲ ಅನ್ನೋದು ಒಲ ಆಯ್ತು. ಇನ್ನೊಂದು ಮಹಾಪ್ರಾಣ.

ನಂಗೆ ಇದರ ಬಗ್ಗೆ ಸಿಟ್ಟು ಜಾಸ್ತಿ, ಅದಕ್ಕೆ ಸ್ವಲ್ಪ ಇಲ್ಲೇ ನಿಲ್ತೀನಿ. ಮಕ್ಕಳಿಗೆ ಬರವಣಿಗೆಯಲ್ಲಿ ಹ ಮತ್ತು ಅ ವ್ಯತ್ಯಾಸ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಕನ್ನಡ ಮೇಷ್ಟ್ರಿಗೆ ಅದು ಬರಲೇಬೇಕು. ಬಾಯಿ ತಿದ್ದೋಕೆ ವಿಧಾನ ಇದೆ, ಅಭ್ಯಾಸ ಇದೆ, ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದ್ರೆ ಒಂದು ತಿಂಗಳಲ್ಲಿ ಬರುತ್ತೆ. ಗೈಡ್ ಅಂದ್ರೆ ಅದನ್ನ ಮಾಡಿಸೋರು. ನಾನು ನೋಡಿದ ಹಾಳೆಗಳಲ್ಲಿ ಹೇಗೆ ಮಾಡಬೇಕು ಅಂತ ಒಂದು ಸಾಲೂ ಇಲ್ಲ. ದೋಷ ಅಂತ ಬರೆದು ಅಂಕ ಕಡಿದು ಸಹಿ ಹಾಕಿ ಹೋಗಿದ್ದಾರೆ. ಗಣಿತ ಮೆಥಡ್ ತಗೊಂಡ ಹುಡುಗನ ಹಾಳೆಯಲ್ಲೂ ಇದೇ ಸಾಲು! ತ್ರಿಭುಜದ ಮೂರು ಕೋನ ಸೇರಿದ್ರೆ 180 ಡಿಗ್ರಿ ಅಂತ ಅವನು ಕಾಗದ ಕತ್ತರಿಸಿ ಮಕ್ಕಳ ಕೈಲೇ ಜೋಡಿಸಿ ತೋರಿಸಿದ್ದಾನೆ. ಮಕ್ಕಳಿಗೆ ಅರ್ಥ ಆಗಿದೆ. ಅದರ ಬಗ್ಗೆ ಗೈಡ್ ಬರೆದಿರೋದು "ಸಾಧಾರಣ" ಅನ್ನೋ ಒಂದೇ ಪದ.

ನಮ್ಮ ನಂಜನಗೂಡು ಸೀಮೆ ಮಾತಲ್ಲಿ ಬರೆದ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡ ಎಂ.ಎ.ಗೆ ಅದನ್ನ ಪಾಠ ಮಾಡ್ತಾರೆ, ದೇವನೂರರ ಭಾಷೆ ಅಂತ ಸೆಮಿನಾರ್ ಮಾಡ್ತಾರೆ. ಕನ್ನಡದವರ ಬಾಯಲ್ಲಿ ಮಹಾಪ್ರಾಣ ನಿಲ್ಲೋದಿಲ್ಲ ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕಗಟ್ಟಲೆ ಬರೆದಿದ್ದಾರೆ. ಅದೇ ಮಾತು ಹೊಲಗೇರಿಯ ಹುಡುಗಿಯ ಬಾಯಿಂದ ತರಗತಿಯಲ್ಲಿ ಬಂದ್ರೆ ವ್ಯಕ್ತಿತ್ವ ದೋಷ. ಆ ತರಗತಿಯಲ್ಲಿ ಕೂತ ಮಕ್ಕಳೆಲ್ಲ ಅದೇ ಮಾತಾಡೋರು. ಅವರ ಮಾತಾಡೋ ಮೇಷ್ಟ್ರು ಬಂದಿದ್ದಾರೆ ಅಂತ ಅವರ ಮುಖದಲ್ಲಿ ಬೆಳಕು ಬರೋದನ್ನ ಅಳೆಯೋಕೆ ಹಾಳೆಯಲ್ಲಿ ಕಲಂ ಇಲ್ಲ.

ಇದು ಇವತ್ತಿನ ಮಾತೂ ಅಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ ಕೊಟ್ಟ ಹೇಳಿಕೆ ಓದಿ. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಉಳುವ ಜಾತಿಗಳಿಂದ ಬರಬೇಕು, ನೇಗಿಲು ಹಿಡಿಯೋಕೆ ನಾಚದವರು ಆಗಿರಬೇಕು, ಕೆಳಗಿನ ಜನರ ಜೊತೆ ಸಲೀಸಾಗಿ ಬೆರೆಯೋರು ಆಗಿರಬೇಕು ಅಂತ ಅವರು ಕೇಳಿದ್ರು. ಅಂಥವರಿಗೆ ತರಬೇತಿ ಕೊಡಿ ಅಂದ್ರು. 140 ವರ್ಷ ಆಯ್ತು. ಈಗ ಅಂಥವರು ಬಂದಿದ್ದಾರೆ, ಮೀಸಲಾತಿಯಿಂದ ಸೀಟು ತಗೊಂಡು ಬಂದಿದ್ದಾರೆ. ಬಂದ ಮೇಲೆ ಅವರು ಯಾರಿಂದಾಗಿ ಬೇಕಾಗಿದ್ದರೋ ಅದನ್ನೇ ಅವರ ಮೈಯಿಂದ ಉಜ್ಜಿ ತೆಗೆಯೋ ಕೆಲಸ ನಡೀತಿದೆ. ಜನವರಿ 3ಕ್ಕೆ ಸಾವಿತ್ರಿಬಾಯಿ ಫೋಟೋಗೆ ಹೂ ಹಾಕೋದು ಮಾತ್ರ ತಪ್ಪಿಸಲ್ಲ.

ಇನ್ನು ಶಾಲೆ ವಿಷಯ. ಇಂಟರ್ನ್‌ಶಿಪ್‌ಗೆ ಹೋದ ಹುಡುಗ, ಹುಡುಗಿಗೆ ಮೊದಲ ವಾರವೇ ಸ್ಟಾಫ್ ರೂಮಲ್ಲಿ ಬರೋ ಪ್ರಶ್ನೆ: "ನಿಮ್ಮದು ಯಾವೂರು? ಊರಲ್ಲಿ ಯಾವ ಬೀದಿ?" ಊರಿನ ಹೆಸರಿಂದ ಗೊತ್ತಾಗಲಿಲ್ಲ ಅಂದ್ರೆ ಬೀದಿ, ಬೀದಿಯಿಂದ ಗೊತ್ತಾಗಲಿಲ್ಲ ಅಂದ್ರೆ ಮನೆದೇವರು. ಗೊತ್ತಾದ ಮೇಲೆ ಟಿಫನ್ ಬಾಕ್ಸ್ ಬಿಚ್ಚೋ ಜಾಗ ಬದಲಾಗುತ್ತೆ. ಜಗಳ ಇಲ್ಲ, ಬೈಗುಳ ಇಲ್ಲ. "ನೀವು ಟ್ರೈನಿಗಳು ಲೈಬ್ರರಿ ರೂಮಲ್ಲಿ ಊಟ ಮಾಡಿ, ಇಲ್ಲಿ ಜಾಗ ಸಾಲಲ್ಲ" ಅಂತಾರೆ. ಆಮೇಲೆ ಇಬ್ಬರು ಟ್ರೈನಿಗಳನ್ನ ಮಾತ್ರ ಒಳಗೆ ಕರೀತಾರೆ. ಬಾಬಾಸಾಹೇಬರು 1918ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಸೇರಿದಾಗ ಸ್ಟಾಫ್ ರೂಮಿನ ನೀರಿನ ಹೂಜಿ ಮುಟ್ಟಿದ್ದಕ್ಕೆ ಸಹೋದ್ಯೋಗಿಗಳು ತಕರಾರು ತೆಗೆದಿದ್ರು. ಕೊಲಂಬಿಯಾದಲ್ಲಿ ಓದಿ ಬಂದ ಪ್ರೊಫೆಸರ್‌ಗೆ ಆದದ್ದು ಇಪ್ಪತ್ತೆರಡು ವರ್ಷದ ಬಿ.ಎಡ್. ಹುಡುಗಿಗೆ ಆಗೋದ್ರಲ್ಲಿ ಆಶ್ಚರ್ಯ ಏನಿಲ್ಲ. ಆದ್ರೆ ಬಾಬಾಸಾಹೇಬರಿಗೆ ಇಲ್ಲದ ಒಂದು ಅನುಕೂಲ ಈ ಹುಡುಗಿಗೆ ಇರಬೇಕಿತ್ತು. ಅವಳ ಪರವಾಗಿ ಆ ಶಾಲೆಯ ಮುಖ್ಯೋಪಾಧ್ಯಾಯರ ಹತ್ರ ಹೋಗಿ ಮಾತಾಡೋಕೆ ಅಂತಲೇ ಒಬ್ಬ ಗೈಡ್ ಇದ್ದಾರಲ್ಲ? ಅವರು ಬರೋದು ಪಾಠ ನೋಡೋಕೆ, ನಲವತ್ತು ನಿಮಿಷ. ಬಂದವರು ಸ್ಟಾಫ್ ರೂಮಲ್ಲಿ ಕಾಫಿ ಕುಡಿದು ಹೋಗ್ತಾರೆ. ಹುಡುಗಿ ಎಲ್ಲಿ ಊಟ ಮಾಡ್ತಾಳೆ ಅಂತ ಕೇಳಲ್ಲ.

ನಾನು ಬಿ.ಎಡ್. ಮಾಡಿದಾಗ ನಂಗೊಬ್ಬರು ಮೇಡಂ ಇದ್ರು. ನಮ್ಮ ಜನ ಅಲ್ಲ. ಮೊದಲ ದಿನವೇ ನಮ್ಮ ಜೊತೆ ಶಾಲೆಗೆ ಬಂದು ಮುಖ್ಯೋಪಾಧ್ಯಾಯರ ಎದುರು ಕೂತು, "ಇವರು ಎಂಟು ಜನ ನನ್ನ ಮಕ್ಕಳು, ಒಟ್ಟಿಗೆ ಕೂತು ಊಟ ಮಾಡ್ತಾರೆ, ನಾನೂ ವಾರಕ್ಕೊಂದು ದಿನ ಬಂದು ಇವರ ಜೊತೆ ಕೂತ್ಕೋತೀನಿ" ಅಂದ್ರು. ಹಾಗೇ ಬಂದ್ರು. ನೆಲದ ಮೇಲೆ ಚಾಪೆ ಹಾಕಿ ನಮ್ಮ ಡಬ್ಬಿಯ ಹುರುಳಿಕಾಳು ಸಾರು ಉಂಡ್ರು. ನಾನು ಆ ಶಾಲೆಯಲ್ಲಿ ಯಾವ ಮಾತೂ ಕೇಳಬೇಕಾಗಿ ಬರಲಿಲ್ಲ. ಆ ಮೇಡಂ ವೀಕ್ಷಣಾ ಹಾಳೆಯಲ್ಲಿ ಎರಡು ಪುಟ ಬರೀತಿದ್ರು. ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದ್ದು ನೀನು ನೋಡಲಿಲ್ಲ, ಬೋರ್ಡ್ ಕಡೆ ತಿರುಗಿ ಮಾತಾಡಿದೆ, ಈ ಪ್ರಶ್ನೆಯನ್ನ ಹೀಗೆ ಒಡೆದು ಕೇಳಿದ್ರೆ ಉತ್ತರ ಬರ್ತಿತ್ತು. ನಿಷ್ಠುರದವರು, ಅಂಕ ಧಾರಾಳವಾಗಿ ಕೊಟ್ಟವರಲ್ಲ. ಆ ವರ್ಷವೇ ಇನ್ನೊಬ್ಬ ಗೈಡ್ ಕೈಕೆಳಗಿದ್ದ ನಮ್ಮ ಹುಡುಗರ ಹಾಳೆಗಳಲ್ಲಿ ಟಿಕ್ ಮಾರ್ಕ್ ಬಿಟ್ರೆ ಏನೂ ಇರಲಿಲ್ಲ. ಅದಕ್ಕೇ ಹೇಳ್ತೀನಿ, ಗೈಡ್ ಕೆಲಸ ಮಾಡೋದು ಹೇಗೆ ಅಂತ ಗೊತ್ತಿಲ್ಲದ ವಿಷಯ ಏನಲ್ಲ.

ಇನ್ನೊಂದು ಕಡೆ ಇದೆ. ಅದರ ಬಗ್ಗೆ ನಾವು ಇನ್ನೂ ಕಡಿಮೆ ಮಾತಾಡ್ತೀವಿ. ಗೈಡ್ ಬರೀ ನಮ್ಮ ಮಕ್ಕಳಿಗಷ್ಟೇ ಗೈಡ್ ಅಲ್ಲ. ಮೇಲ್ಜಾತಿಯಿಂದ ಬಂದ ಹುಡುಗ ಅದೇ 20 ವಾರ ಅದೇ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡ್ತಾನೆ. ಅವನು ಯಾರನ್ನ ಬೋರ್ಡ್ ಹತ್ರ ಕರೀತಾನೆ, ಯಾರ ಕೈಯಲ್ಲಿ ನೀರು ತರಿಸಿ ಕುಡೀತಾನೆ, ಯಾರ ಕೈಗೆ ಪೊರಕೆ ಕೊಡ್ತಾನೆ? ಹಿಂದಿನ ಬೆಂಚಲ್ಲಿ ಕೂತ ಗೈಡ್ ಕಣ್ಣಿಗೆ ಇದು ಕಾಣಲೇಬೇಕು. ಕಂಡರೂ ಬರೆಯೋಕೆ ಕಲಂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ನಾವೆಲ್ಲ ಬೀದಿಗಿಳಿದ್ವಿ. ಅಮಾನತು ಆಯ್ತು, ಬಂಧನ ಆಯ್ತು. ನಾನು ಅವತ್ತಿಂದ ಕೇಳ್ತಿರೋ ಪ್ರಶ್ನೆ ಬೇರೆ. ಈ ರಾಜ್ಯದಲ್ಲಿ ಮಕ್ಕಳ ಮುಂದೆ ನಿಲ್ಲೋ ಮೇಷ್ಟ್ರುಗಳು ತರಬೇತಿ ಮುಗಿಸಿ ಬರ್ತಾರೆ. ತರಬೇತೀಲಿ ಯಾರೋ ಅವರ ಪಾಠ ನೋಡಿರ್ತಾರೆ, "ಉತ್ತಮ" ಅಂತ ಬರೆದು ಸಹಿ ಹಾಕಿರ್ತಾರೆ. ಸಂವಿಧಾನದ 17ನೇ ವಿಧಿ ಬಗ್ಗೆ ಪಾಠ ಯೋಜನೆ ಬರೆದುಕೊಂಡು ಹೋದ ಹುಡುಗನಿಗೆ "ಇದು ಸೂಕ್ಷ್ಮ ವಿಷಯ, ಬೇರೆ ಪಾಠ ತಗೋ" ಅಂದ ಗೈಡ್ ಬಗ್ಗೆ ಹೋದ ವರ್ಷ ಒಬ್ಬ ತಮ್ಮ ನಂಗೆ ಹೇಳಿದ. ಪಠ್ಯಪುಸ್ತಕದಲ್ಲಿರೋ ಪಾಠ ಕಣ್ರೀ ಅದು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಇವತ್ತು ಎಷ್ಟೋ ಕಡೆ ಗೈಡ್ ಅಂದ್ರೆ ಅತಿಥಿ ಉಪನ್ಯಾಸಕರು. ಹುದ್ದೆ ಖಾಲಿ, ನೇಮಕಾತಿ ಇಲ್ಲ, ಹನ್ನೆರಡು ಮಕ್ಕಳ ಜಾಗದಲ್ಲಿ ಮೂವತ್ತು ಮಕ್ಕಳನ್ನ ಕೊಟ್ಟಿರ್ತಾರೆ. ಐದು ಶಾಲೆಗೆ ಸ್ವಂತ ಬೈಕಲ್ಲಿ ಸ್ವಂತ ಪೆಟ್ರೋಲ್ ಹಾಕ್ಕೊಂಡು ಹೋಗಬೇಕು. ಆ ಅತಿಥಿ ಉಪನ್ಯಾಸಕರಲ್ಲಿ ನಮ್ಮವರೂ ಬಹಳ ಜನ ಇದ್ದಾರೆ, ಸಂಬಳ ತಿಂಗಳುಗಟ್ಟಲೆ ಬಂದಿರಲ್ಲ. ಅವರನ್ನ ಬೈದು ಪ್ರಯೋಜನ ಇಲ್ಲ. ಇನ್ನು ಕೆಲವು ಖಾಸಗಿ ಕಾಲೇಜುಗಳಲ್ಲಿ ಹಾಜರಾತಿಯನ್ನೇ ದುಡ್ಡಿಗೆ ಮಾರ್ತಾರೆ, ಅಲ್ಲಿ ಗೈಡ್ ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ಅದು ಬೇರೆಯದೇ ಪೋಸ್ಟ್ ಆಗುತ್ತೆ. ಆದ್ರೆ ಸಂಬಳ ಕಡಿಮೆ ಅನ್ನೋದು ಒಂದು ಹುಡುಗಿಯ ಬಾಯಿ ಬಗ್ಗೆ ಕೆಂಪು ಶಾಯಿಯಲ್ಲಿ ಬರೆಯೋಕೆ ಕಾರಣ ಆಗಲ್ಲ. ಕಾಯಂ ಆಗಿ, ತಿಂಗಳಿಗೆ ಲಕ್ಷ ದಾಟಿ ತಗೊಳ್ಳೋ ಪ್ರಾಧ್ಯಾಪಕರೂ ಅದನ್ನೇ ಬರೀತಿದ್ದಾರೆ.

ಈ ವರ್ಷದ್ದೊಂದು ವಿಷಯ ಹೇಳ್ತೀನಿ, ಅವಳ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ, ಹೆಸರು ಕಾಲೇಜು ಬೇಡ. ಅಮ್ಮ ಕೂಲಿ ಕೆಲಸ, ಅಪ್ಪ ಇಲ್ಲ. ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್. ಇಂಟರ್ನ್‌ಶಿಪ್ ಶಾಲೆ ಮನೆಯಿಂದ ನಲವತ್ತು ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದಕ್ಕೆ ಅವಳಿಗೆ ಬಸ್ ಖರ್ಚು ಇಲ್ಲ, ಅದೇ ಶಾಲೆಗೆ ಹೋಗೋ ನಮ್ಮ ಹುಡುಗನಿಗೆ ಅದೂ ಇದೆ. ಬಸ್ ತಡವಾಗಿ ಪ್ರಾರ್ಥನೆಗೆ ಸಿಗಲಿಲ್ಲ ಅಂತ ನಾಲ್ಕು ದಿನ. ಗೈಡ್ ಹಾಳೆಯಲ್ಲಿ ಬರೆದದ್ದು "ಶಿಸ್ತಿನ ಕೊರತೆ, ಹಿನ್ನೆಲೆಯ ಪ್ರಭಾವ." ಹಿನ್ನೆಲೆ ಅಂದ್ರೆ ಯಾವುದು ಸರ್? ಬಸ್ಸಿನದಾ?

ಅವಳು ಕೋರ್ಸ್ ಬಿಡ್ತೀನಿ ಅಂತ ಕೂತಿದ್ಲು. ನಾವು ಮೂವರು ಹೋದ್ವಿ. ಪ್ರಾಂಶುಪಾಲರ ಮುಂದೆ ಯುಜಿಸಿಯ 2012ರ ಸಮಾನತೆ ನಿಯಮಾವಳಿ ಇಟ್ವಿ. ಹಿನ್ನೆಲೆಯನ್ನ ಕಾರಣ ಮಾಡಿ ವಿದ್ಯಾರ್ಥಿಯ ಸಾಧನೆಯನ್ನ ಹೀಯಾಳಿಸೋದು, ತರಗತಿಯಲ್ಲಿ ಜಾತಿ ಹೇಳೋದು, ಮೀಸಲಾತಿಯವರು ಅಂತ ಹಣೆಪಟ್ಟಿ ಹಚ್ಚೋದು ಇವೆಲ್ಲ ಅದರಲ್ಲಿ ತಾರತಮ್ಯ ಅಂತಲೇ ಇದೆ. ಪ್ರತಿ ಸಂಸ್ಥೆಯಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ತಡೆ ಅಧಿಕಾರಿ ಇರಬೇಕು. ಆ ಕಾಲೇಜಲ್ಲಿ ಆ ಅಧಿಕಾರಿ ಯಾರು ಅಂತ ಕೇಳಿದ್ವಿ. ಪ್ರಾಂಶುಪಾಲರು ಗುಮಾಸ್ತರ ಮುಖ ನೋಡಿದ್ರು, ಗುಮಾಸ್ತರು ಫೈಲ್ ಹುಡುಕೋಕೆ ಹೋದವರು ವಾಪಸ್ ಬರಲಿಲ್ಲ. ಹಾಳೆಯ ಪ್ರತಿ ಕೇಳಿದ್ವಿ, "ಗೋಪ್ಯ ದಾಖಲೆ" ಅಂದ್ರು. 2011ರಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆ ಬರೆದವರಿಗೆ ತಮ್ಮದೇ ಉತ್ತರಪತ್ರಿಕೆಯನ್ನ ಮಾಹಿತಿ ಹಕ್ಕಿನಡಿ ನೋಡೋ ಹಕ್ಕಿದೆ ಅಂತ ಹೇಳಿದೆ. ಆ ತೀರ್ಪು ಉತ್ತರಪತ್ರಿಕೆ ಬಗ್ಗೆ. ವೀಕ್ಷಣಾ ಹಾಳೆಗೂ ಅದೇ ನ್ಯಾಯ ಅನ್ವಯಿಸಬೇಕು ಅನ್ನೋದು ನಮ್ಮ ವಾದ, ಅರ್ಜಿ ಹಾಕಿದ್ದೀವಿ. ಅವಳು ಕೋರ್ಸ್ ಬಿಟ್ಟಿಲ್ಲ. ಉಳಿದ ಪಾಠಗಳಿಗೆ ಬೇರೆ ವೀಕ್ಷಕರು ಬರ್ತಿದ್ದಾರೆ. ಕಡಿದ ಅಂಕ ಇನ್ನೂ ಕಡಿದ ಹಾಗೇ ಇದೆ.

ನಾವು ಕೇಳ್ತಿರೋದು ದೊಡ್ಡದೇನಲ್ಲ. ಪ್ರತಿ ವೀಕ್ಷಣಾ ಹಾಳೆಯ ಒಂದು ಪ್ರತಿ ಅದೇ ದಿನ ವಿದ್ಯಾರ್ಥಿ ಕೈಗೆ ಸಿಗಬೇಕು. ಭಾಷೆ, ವ್ಯಕ್ತಿತ್ವ ಅನ್ನೋ ಕಲಂನಲ್ಲಿ ಅಂಕ ಕಡಿದ್ರೆ ಯಾಕೆ, ತಿದ್ದಿಕೊಳ್ಳೋಕೆ ಏನು ಮಾಡಬೇಕು ಅಂತ ಎರಡು ಸಾಲು ಕಡ್ಡಾಯ ಆಗಬೇಕು. ಒಬ್ಬರೇ ಗೈಡ್ ಎಲ್ಲಾ ಪಾಠ ನೋಡಬಾರದು, ಕೊನೆ ಪಕ್ಷ ಮೂರರಲ್ಲಿ ಒಂದನ್ನ ಇನ್ನೊಬ್ಬರು ನೋಡಲಿ. ಶಾಲೆ ಹಂಚುವಾಗ ಊರು, ಬಸ್ಸು ನೋಡಿ ಹಂಚಿ. ಗೈಡ್ ಶಾಲೆಗೆ ಬಂದಾಗ ಪಾಠ ನೋಡೋದರ ಜೊತೆಗೆ ಪ್ರಶಿಕ್ಷಣಾರ್ಥಿ ಎಲ್ಲಿ ಕೂರ್ತಾರೆ, ಎಲ್ಲಿ ಊಟ ಮಾಡ್ತಾರೆ ಅಂತ ವಿಚಾರಿಸಿ ಬರೀಬೇಕು. ಪ್ರಶಿಕ್ಷಣಾರ್ಥಿ ಮಕ್ಕಳ ಜೊತೆ ಜಾತಿ ನೋಡಿ ನಡ್ಕೊಂಡ್ರೆ ಅದನ್ನೂ ಬರೀಬೇಕು, ಅದಕ್ಕೆ ಅಂಕ ಹೋಗಬೇಕು. ಇನ್ನು ಖಾಲಿ ಹುದ್ದೆ, ಬ್ಯಾಕ್‌ಲಾಗ್ ಹುದ್ದೆ ತುಂಬೋ ಹಳೇ ಬೇಡಿಕೆ ಇದ್ದೇ ಇದೆ.

ಕೆಲಸದ ಮಾತು. ಬಿ.ಎಡ್. ಓದ್ತಿರೋ ನಮ್ಮ ಮಕ್ಕಳು ಇವತ್ತಿಂದಲೇ ನಿಮ್ಮ ಪ್ರತಿ ವೀಕ್ಷಣಾ ಹಾಳೆಯನ್ನ ಸಹಿ ಆದ ತಕ್ಷಣ ಫೋಟೋ ತೆಗೆದಿಟ್ಕೊಳ್ಳಿ. ತಾರೀಖು, ಶಾಲೆ, ಪಾಠದ ಹೆಸರು ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಗೈಡ್ ಬಾಯಲ್ಲಿ ಏನಾದ್ರೂ ಅಂದಿದ್ರೆ ಅದೇ ದಿನ ಅದೇ ಮಾತಲ್ಲಿ ಬರೆದಿಡಿ, ಜೊತೆಗಿದ್ದವರ ಹೆಸರು ಸಮೇತ. ನಿಮ್ಮ ಕಾಲೇಜಿನ ತಾರತಮ್ಯ ತಡೆ ಅಧಿಕಾರಿ ಯಾರು ಅಂತ ನಾಲ್ಕು ಜನ ಸೇರಿ ಲಿಖಿತವಾಗಿ ಕೇಳಿ, ಸ್ವೀಕೃತಿ ತಗೊಳ್ಳಿ. ಒಳ್ಳೆ ಗೈಡ್ ಸಿಕ್ಕಿದ್ರೆ ಅವರು ಬರೆದ ಹಾಳೆಯನ್ನೂ ಕಳಿಸಿ, ಹೆಸರು ಮುಚ್ಚಿ. ಹಾಳೆ ಹೇಗೆ ಬರೀಬೇಕು ಅಂತ ವಿಶ್ವವಿದ್ಯಾಲಯಕ್ಕೆ ತೋರಿಸೋಕೆ ಅವು ಬೇಕು. ಇನ್‌ಬಾಕ್ಸ್ ತೆರೆದಿದೆ, ರಾತ್ರಿ ಒಂಬತ್ತರ ಮೇಲೆ ಫೋನ್‌ಗೂ ಸಿಗ್ತೀನಿ.

ಜೈಭೀಮ್.